ಮೂರನೇ ಮಹಡಿಯ ಅರಬ್ಬೀ ಸಮುದ್ರ

ಬೆಂಗಳೂರಿನಲ್ಲಿ ನಮ್ಮ ಭಾವನವರ ಮನೆಗೆ ಹೋದರೆ ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಬರಬೇಕು. ಹಾಲ್‌ನಲ್ಲಿ ಗಾಜಿನ ತೊಟ್ಟಿ, ಅದರ ಉಪ್ಪುನೀರಿನಲ್ಲಿ ಅಕ್ರೋಪೋರಾ ಇದೆ. ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳ, ಸಾಕುವವರನ್ನು ಅಳಿಸುವುದರಲ್ಲಿ ಎತ್ತಿದ ಕೈ. ನಮ್ಮಮ್ಮನಿಗೆ ಹವಳ ಅಂದರೆ ಕುಜದೋಷದ ಉಂಗುರ, ಇಲ್ಲವೇ ತಾಳಿ ಸರದ ಎರಡು ಮಣಿ. ಅದು ಉಣ್ಣುತ್ತದೆ, ಮುನಿಸಿಕೊಳ್ಳುತ್ತದೆ, ಸಾಯುತ್ತದೆ ಅಂತ ಅವರಿಗೆ ಗೊತ್ತಾಗಿದ್ದು ಮಗಳ ಮನೆಗೆ ಬಂದ ಮೇಲೆಯೇ.

ಈ ಪ್ರಾಣಿಗೆ (ಹೌದು, ಪ್ರಾಣಿಯೇ) ನೀರು 25-26 ಡಿಗ್ರಿ ಇರಬೇಕು. ಅದಕ್ಕೊಂದು ಚಿಲ್ಲರ್. ಚಿಲ್ಲರ್ ತೊಟ್ಟಿಯ ಬಿಸಿಯನ್ನೆಲ್ಲ ಹೀರಿ ಹಾಲ್‌ಗೆ ಊದುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಹವಳ ಊಟಿಯಲ್ಲಿರುತ್ತದೆ, ಪಕ್ಕದ ಸೋಫಾದಲ್ಲಿ ಪೇಪರ್ ಬೀಸಿಕೊಳ್ಳುತ್ತಾ ಅಮ್ಮ ರಾಯಚೂರಿನಲ್ಲಿರುತ್ತಾರೆ. ಕರೆಂಟ್ ಹೋದರೆ ಇನ್ವರ್ಟರ್ ಮೊದಲು ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಪಂಪಿಗೆ, ಉಳಿದರೆ ಫ್ಯಾನಿಗೆ. ಉಳಿಯುವುದಿಲ್ಲ.

ಭಾವ ದಿನಾ ಸಂಜೆ ಟೆಸ್ಟ್ ಕಿಟ್ ಹಿಡಿದು ಕೂರುತ್ತಾರೆ. ಹನಿ ಹನಿ ಎಣಿಸುವಾಗ ಯಾರೂ ಮಾತಾಡಬಾರದು. ಕ್ಯಾಲ್ಸಿಯಂ 420, ಆಲ್ಕಲಿನಿಟಿ (ನೀರಿನ ಕ್ಷಾರಗುಣ) 8.2, ಫಾಸ್ಫೇಟ್ 0.03. ಅವರ ಶುಗರ್ ಎಷ್ಟು ಅಂತ ಕೇಳಿದರೆ ಅಕ್ಕನ ಮುಖ ನೋಡುತ್ತಾರೆ. ಇಷ್ಟು ಸಾಲದು ಅಂತ ಆಗಾಗ ತೊಟ್ಟಿಯ ನೀರನ್ನು ಪುಟ್ಟ ಸೀಸೆಗೆ ತುಂಬಿ ಜರ್ಮನಿಯ ಲ್ಯಾಬಿಗೆ ಕಳಿಸುತ್ತಾರೆ. ಆ ಮನೆಯಿಂದ ಇದುವರೆಗೆ ಫಾರಿನ್‌ಗೆ ಹೋಗಿರುವುದು ಅದೊಂದೇ.

ಒಂದು ರಾತ್ರಿ ತೊಟ್ಟಿಗೆ ಕ್ಷಾರ ಬೆರೆಸುವ ಪಂಪ್ ತಪ್ಪಾಗಿ ಜಾಸ್ತಿ ಸುರಿಯಿತು. ಆಲ್ಕಲಿನಿಟಿ ಬೆಳಗ್ಗೆಯೊಳಗೆ 10 ದಾಟಿತ್ತು. ನೇರಳೆ ಕೊಂಬೆಯ ಚರ್ಮ ಬುಡದಿಂದ ಸುಲಿದು ನೀರಲ್ಲಿ ತೇಲುತ್ತಿತ್ತು, ಉಳಿದಿದ್ದು ಬಿಳಿ ಮೂಳೆ. ಭಾವ ಆಫೀಸಿಗೆ ರಜೆ ಹಾಕಿದರು. ಅಕ್ಕ ಒಗ್ಗರಣೆ ಹಾಕುವುದಕ್ಕೂ ಹಿಂದೆ ಮುಂದೆ ನೋಡಿದಳು.

ಇನ್ನು ಕಾನೂನಿನ ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ ಇದೆಯಲ್ಲ, ಅಕ್ರೋಪೋರಾದಂಥ ಗಟ್ಟಿ ಹವಳಗಳೂ ಅದೇ ಪಟ್ಟಿಯಲ್ಲಿವೆ, 2001ರಿಂದ. ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡವನ ಮನೆಗೆ ಅರಣ್ಯ ಇಲಾಖೆಯವರು ಬರುತ್ತಾರೆ. ಹವಳದ ತೊಟ್ಟಿ ಇಟ್ಟವನ ಮನೆಗೆ ಅಪಾರ್ಟ್‌ಮೆಂಟಿನ ಮಕ್ಕಳು ಸೆಲ್ಫಿಗೆ ಬರುತ್ತಾರೆ. ಕೇಳಿದರೆ ಭಾವ ಪಿಸುಗುಟ್ಟುತ್ತಾರೆ, "ಇದು ಇಲ್ಲಿಯದಲ್ಲಪ್ಪಾ, ಇಂಪೋರ್ಟೆಡ್ಡು." ಬಿಲ್ಲು? ಬಿಲ್ ಕೊಡುವ ಅಂಗಡಿ ಅಲ್ಲವಂತೆ ಅದು.

ಅವರ ಹವಳಪ್ರೇಮ ಸುಳ್ಳಲ್ಲ, ಅದನ್ನು ಒಪ್ಪಬೇಕು. 2024ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬೆಳ್ಳಗಾದಾಗ ಒಂದು ಗಂಟೆ ಕೂರಿಸಿಕೊಂಡು ವಿವರಿಸಿದ್ದರು: ಮೈಯೊಳಗಿನ ಪಾಚಿಯೇ ಅದಕ್ಕೆ ಅನ್ನ, ಬಣ್ಣ ಎರಡೂ, ಬಿಸಿ ತಡೆಯದೆ ಅದನ್ನೇ ಹೊರಗೆ ಹಾಕಿ ಉಪವಾಸ ಬೀಳುತ್ತದೆ ಅಂತ. ಹೇಳುತ್ತಾ ಹೇಳುತ್ತಾ ಕಣ್ಣು ಒದ್ದೆಯಾಯಿತು. ಆಮೇಲೆ ಚಿಲ್ಲರ್ ಇನ್ನೊಂದು ಅರ್ಧ ಡಿಗ್ರಿ ಇಳಿಸಿದರು.

ಅದೇ ವರ್ಷ ಮಾರ್ಚ್‌ನಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಭಾವ ತಕ್ಷಣ ಕಾರು ತೊಳೆಯುವುದು ಬಿಟ್ಟರು, ಧೂಳು ಹಿಡಿದ ಬಾನೆಟ್ಟಿನ ಫೋಟೋ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಹವಳದ ಮಾತು ದಂಡದ ಪಟ್ಟಿಯಲ್ಲಿರಲಿಲ್ಲ. ಅದಕ್ಕೆ ನೀರು ಸೋಸುವ ಆರ್‌ಓ ಒಂದು ಕೊಡ ನೀರು ಕೊಡುವಷ್ಟರಲ್ಲಿ ಮೂರು ಕೊಡ ಬಚ್ಚಲಿಗೆ ಬಿಡುತ್ತದೆ. ಅಮ್ಮ ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತಿದ್ದರು.

ಒಂದು ದಿನ ಟ್ಯಾಂಕರ್ ಬಂದು ಹೋದ ಮೇಲೆ ನಲ್ಲಿಯಲ್ಲಿ ಚಹಾದ ಬಣ್ಣದ ನೀರು ಬಂತು. ಅಮ್ಮ ಒಂದು ಲೋಟ ಹಿಡಿದುಕೊಂಡು ಬಂದರು.

"ಅಳಿಯಂದ್ರೇ, ನಿಮ್ಮ ಆ ಪೆನ್ನು ಇದಕ್ಕೂ ಒಂದ್ಸಲ ಅದ್ದಿ ನೋಡ್ತೀರಾ?"

ಭಾವ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಅದ್ದಿದರು. ಹವಳಕ್ಕೆಂದು ಸೋಸಿದ ನೀರಲ್ಲಿ ಸೊನ್ನೆ ತೋರಿಸುವ ಮೀಟರ್ 1,140ಕ್ಕೆ ಹೋಗಿ ನಿಂತಿತು. ಭಾವ ಗಾಬರಿಯಿಂದ ಪೆನ್ನನ್ನು ಪಂಚೆಗೆ ಒರೆಸಿಕೊಂಡರು.

"ಅಯ್ಯಯ್ಯೋ, ಇದನ್ನು ತೊಟ್ಟಿ ಹತ್ತಿರಕ್ಕೂ ತರಬೇಡಿ ಅತ್ತೆ. ಸುಮ್ನೆ ಅಡುಗೆಗೆ ಬಳಸ್ಕೊಳ್ಳಿ."