ಬೆಕ್ಕು ಅಡ್ಡ ಬಂದ ಮೇಲೆ

ಸಿಂಧನೂರಿನ ನಮ್ಮ ಸೋದರಮಾವನಿಗೆ ಬೆಕ್ಕು ಎಂದರೆ ಮೈಯೆಲ್ಲ ಉರಿ. ಹಾಗಾಗಿಯೇ ನಮ್ಮ ಮನೆಯ ಬೆಕ್ಕಿಗೆ ಅವರೆಂದರೆ ಪಂಚಪ್ರಾಣ. ಅವರು ರಾಯಚೂರಿಗೆ ಬಂದು ಚಾಪೆಯ ಮೇಲೆ ಕುಳಿತರೆ ಸಾಕು, ಮುದ್ದಿಸಲು ಕೈಚಾಚಿ ಕಾದಿರುವ ಮಕ್ಕಳನ್ನೆಲ್ಲ ದಾಟಿ, ಬಾಲವನ್ನು ನೆಟ್ಟಗೆ ಎತ್ತಿಕೊಂಡು ಅವರ ಬಳಿಗೇ ಹೋಗುತ್ತದೆ. ಬಾಲ ನೆಟ್ಟಗಿದ್ದರೆ ಅದು ಬೆಕ್ಕಿನ ನಮಸ್ಕಾರ. ಕಣ್ಣಿಟ್ಟು ದಿಟ್ಟಿಸುವುದು ಬೆಕ್ಕುಗಳಲ್ಲಿ ಜಗಳಕ್ಕೆ ಆಹ್ವಾನ. ಮಾವನೋ ಅಸಹ್ಯದಿಂದ ಗೋಡೆಯ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಹೀಗಾಗಿ ಬೆಕ್ಕಿನ ಲೆಕ್ಕದಲ್ಲಿ ಇಡೀ ಮನೆಗೆ ಮರ್ಯಾದಸ್ಥರು ಅವರೊಬ್ಬರೇ.

ಈ ಸಲ ಬಂದಾಗ ಅದು ಮೊದಲು ಅವರ ಕೈಚೀಲಕ್ಕೆ ಕೆನ್ನೆ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದ ವಸ್ತು ಅದರ ಹೆಸರಿಗೆ ನೋಂದಣಿಯಾಯಿತು ಎಂದೇ ತಿಳಿಯಬೇಕು. ಆಮೇಲೆ ತೊಡೆಯೇರಿ, ಗುರುಗುರು ಎನ್ನುತ್ತ ಮುಂಗಾಲುಗಳಿಂದ ನಾದತೊಡಗಿತು. ಮರಿಯಿದ್ದಾಗ ತಾಯಿಯ ಹಾಲು ಇಳಿಯಲೆಂದು ಹೀಗೆ ಒತ್ತುತ್ತವೆ, ದೊಡ್ಡದಾದರೂ ಅಭ್ಯಾಸ ಹೋಗುವುದಿಲ್ಲ ಎಂದು ನಾನು ವಿವರಿಸಿದೆ.

"ನಾನೇನು ಇದರ ಅವ್ವನೇ?" ಎಂದರು ಮಾವ. ಅಷ್ಟರಲ್ಲಿ ಗರಿಗರಿ ಇಸ್ತ್ರಿಯ ಧೋತರದಲ್ಲಿ ಎಳೆಗಳು ಎದ್ದು ನಿಂತಿದ್ದವು.

ಅದನ್ನು ಕೆಳಗಿಳಿಸಲು ಅವ್ವ ಬಟ್ಟಲು ತುಂಬ ಹಾಲು ತಂದಳು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ, ನೀರಿಟ್ಟರೆ ಸಾಕು ಎಂದೆ. ಮನೆಯೆಲ್ಲ ನಕ್ಕಿತು. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. 1520ರಲ್ಲಿ ನಮ್ಮ ರಾಯಚೂರಿನ ಕೋಟೆ ಗೆದ್ದ ಕೃಷ್ಣದೇವರಾಯನೂ ಆ ಬೆಕ್ಕನ್ನು ಕಂಡು ಬೆರಗಾದನಂತೆ. ನನ್ನನ್ನು ಕೇಳಿದರೆ, ವಿಜಯನಗರದ ಬೆಕ್ಕುಗಳಲ್ಲಿ ಹೊಟ್ಟೆ ನೆಟ್ಟಗಿದ್ದದ್ದು ಅದೊಂದರದೇ ಇರಬೇಕು. ನಮ್ಮ ಬೆಕ್ಕು ಬಟ್ಟಲು ನೆಕ್ಕಿ ಖಾಲಿ ಮಾಡಿತು. ಫಲಿತಾಂಶ ಸಂಜೆ ಮಾವನ ಚಪ್ಪಲಿಯಲ್ಲಿ ಪ್ರಕಟವಾಯಿತು. ನಾನು ಮೊದಲೇ ಹೇಳಿದ್ದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ತೊಳೆದ ಚಪ್ಪಲಿ ಮೆಟ್ಟಿ ಮಾವ ಹೊರಟರು. ಬೆಕ್ಕು ಅಡ್ಡ ಬಂತು. ಒಳಗೆ ಬಂದು, ಕುಳಿತು, ನೀರು ಕುಡಿದು ಮತ್ತೆ ಎದ್ದರು. ಮತ್ತೆ ಅಡ್ಡ. ಮುಸ್ಸಂಜೆ ಎಂದರೆ ಬೆಕ್ಕಿಗೆ ಬೇಟೆಯ ಹೊತ್ತು, ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ ಅದು. ಮನೆಯಲ್ಲೇ ಸಾಕಿದ ಬೆಕ್ಕಿಗೆ ಶಕುನ ನೋಡುತ್ತ ಹೋದರೆ ನಾವು ಯಾರೂ ಬಚ್ಚಲಿಗೂ ಹೋಗುವಂತಿಲ್ಲ ಎಂದು ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. ಅವರು ನೀರು ಕುಡಿಯುತ್ತಲೇ ಇದ್ದರು, ಸಿಂಧನೂರಿನ ಬಸ್ಸು ಹೋಗಿಯೇಬಿಟ್ಟಿತು.

ರಾತ್ರಿ ಸೆಕೆಗೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿದೆವು. ನಸುಕಿನಲ್ಲಿ ಮಾವನ ಕೂಗು ಕೇಳಿ ಓಡಿದೆ. ದಿಂಬಿನ ಪಕ್ಕದಲ್ಲಿ ಅರ್ಧ ಇಲಿ ಬಿದ್ದಿತ್ತು. ಬೆಕ್ಕು ತನ್ನ ಬೇಟೆಯನ್ನು ನಂಬಿಕೆಯ ಜಾಗಕ್ಕೇ ತರುತ್ತದೆ, ಇದು ದೊಡ್ಡ ಗೌರವ ಎಂದು ಸಮಾಧಾನ ಹೇಳಿದೆ.

"ಇನ್ನರ್ಧ ಎಲ್ಲಿ?" ಎಂದರು ಮಾವ.

ಕೈಚೀಲದ ಬಾಯಿ ತೆರೆದೇ ಇತ್ತು.