ಬಂಗಡೆ ಫ್ರೈ ಯಾವ ಇಲಾಖೆಗೆ?

ನಮ್ಮ ಓಣಿಗೆ ಡಾಂಬರು ಬಿದ್ದ ಹನ್ನೊಂದನೇ ದಿನ ನೀರಿನವರು ಬಂದು ಅಗೆದರು. ಪೈಪು ಹಾಕಿದರು, ಮಣ್ಣು ಎಳೆದರು, ಹೋದರು. ವಾರ ಬಿಟ್ಟು ಕೇಬಲ್‌ನವರು ಬಂದು, ನೀರಿನವರು ಮುಚ್ಚಿದ ಜಾಗಕ್ಕಿಂತ ಒಂದು ಗೇಣು ಆಚೆ ಅಗೆಯತೊಡಗಿದರು. ಅಲ್ಲ ಮಾರಾಯ್ರೆ, ಆಗಲೇ ಅಗೆದದ್ದರಲ್ಲೇ ಹಾಕಬಹುದಿತ್ತಲ್ಲ ಅಂದೆ. "ಅದು ನಮ್ಮ ಗುಂಡಿ ಅಲ್ಲ ಸಾರ್" ಅಂದರು. ತಪ್ಪು ನನ್ನದೇ. ಪರರ ಗುಂಡಿಗೆ ಆಸೆಪಡಬಾರದು.

ಇದಕ್ಕೆ ಪೇಪರಿನವರ ಭಾಷೆಯಲ್ಲಿ 'ಸಮನ್ವಯದ ಕೊರತೆ' ಎನ್ನುತ್ತಾರೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ಮರುದಿನದ ಹೆಡ್ಡಿಂಗ್ ನೀವೂ ಓದಿರುತ್ತೀರಿ: ಅಧಿಕಾರಿಗಳು ಸಮನ್ವಯದಿಂದ ಕೆಲಸ ಮಾಡಲಿ. ನಾನು ನೌಕರಿಗೆ ಸೇರಿದಾಗಲೂ ಇದೇ ಹೆಡ್ಡಿಂಗ್ ಇತ್ತು. ಈ ಸಲ ಮೇಲಿನವರಲ್ಲಿ ಯಾರಿಗೋ ಹೊಸದೊಂದು ಹೊಳೆಯಿತು. ಇವರಿಗೆಲ್ಲ ಟೀಮ್ ಬಿಲ್ಡಿಂಗ್ ಮಾಡಿಸೋಣ! ಐದು ಕಚೇರಿಯವರು, ಒಂದು ರೆಸಾರ್ಟು, ಬೆಂಗಳೂರಿನಿಂದ ಒಬ್ಬ ತರಬೇತುದಾರ. ದಿನ ಯಾವುದು? ಎರಡನೇ ಶನಿವಾರ. ರಜೆಯ ದಿನ ಕರೆದರೆ ಐದೂ ಇಲಾಖೆ ಒಂದೇ ಸ್ವರದಲ್ಲಿ ಬೈಯುತ್ತವೆ, ಸಮನ್ವಯ ಅಲ್ಲೇ ಅರ್ಧ ಆಗಿರುತ್ತದೆ ಎಂಬ ಲೆಕ್ಕವಿದ್ದರೆ ಅದು ಸರಿಯಾಗಿಯೇ ಇತ್ತು.

ನಾನು ಆ ಐದರಲ್ಲಿ ಒಂದು ಕಚೇರಿಯ ಗುಮಾಸ್ತ. ಯಾವುದೆಂದು ಕೇಳಬೇಡಿ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ.

ರೆಸಾರ್ಟು ಮಾಜಾಳಿ ಕಡೆ. ಕಾರವಾರದಿಂದ ಹೊರಟರೆ ಕಾಳಿ ನದಿ ದಾಟಬೇಕು. ಸೇತುವೆ ಮೇಲೆ ಬಂದಾಗ ತರಬೇತುದಾರರು ಕಿಟಕಿಯಲ್ಲಿ ಮೊಬೈಲ್ ಹಿಡಿದು, "ವಾವ್, ಎಂಥಾ ವ್ಯೂ! ಇಲ್ಲಿ ಇನ್ನೊಂದು ಸೇತುವೆ ಇತ್ತಂತಲ್ಲ?" ಅಂದರು. ಇತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದು ನದಿಗೆ ಬಿತ್ತು, ಮೇಲಿದ್ದ ಒಂದು ಲಾರಿ ಸಮೇತ. ಚಾಲಕ ಬದುಕಿದ, ಅವನ ಅದೃಷ್ಟ. ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಇಳಿದಿತ್ತು. ಚಾ ಅಂಗಡಿ ಹೋಯಿತು, ಅಂಗಡಿಯವರ ಸಂಸಾರ ಹೋಯಿತು. ಪಕ್ಕದ ಗಂಗಾವಳಿ ನದಿಗೆ ಬಿದ್ದ ಒಂದು ಲಾರಿಯನ್ನು ಮೇಲೆತ್ತುವಾಗ ಎಪ್ಪತ್ತು ದಿನ ಕಳೆದಿತ್ತು. ಅಷ್ಟೂ ದಿನ ನಾವು ಕೇಳಿದ್ದೇನು? ಗುಡ್ಡ ಯಾರದ್ದು, ರಸ್ತೆ ಯಾರದ್ದು, ಕಡಿದವರು ಯಾರು, ಕಡಿಯಲು ಬಿಟ್ಟವರು ಯಾರು. ಒಬ್ಬರ ಬೆರಳು ಇನ್ನೊಬ್ಬರ ಕಡೆ. ಇದಕ್ಕೂ 'ಸಮನ್ವಯದ ಕೊರತೆ' ಎಂದೇ ಹೆಸರು. ಜನ ಸತ್ತದ್ದಕ್ಕೂ ನಮ್ಮ ಓಣಿಯ ಗುಂಡಿಗೂ ಒಂದೇ ಶಬ್ದ ಸಾಕಾಗುತ್ತದೆ ಎಂದರೆ ಆ ಶಬ್ದ ಬಳಸುವವರಿಗೆ ನಾಚಿಕೆ ಆಗಬೇಕು. ವ್ಯಾನಿನಲ್ಲಿ ಇದನ್ನೆಲ್ಲ ಹೇಳಲಿಲ್ಲ. "ಹೌದು ಸಾರ್, ಇತ್ತು" ಅಂದೆ. ಅವರು ಫೋಟೊ ತೆಗೆದರು.

ಇರಲಿ. ಆಟಕ್ಕೆ ಬರೋಣ.

ಮೊದಲು ಪಾಠ. ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1965ರಲ್ಲಿ ಹೇಳಿದ್ದಾನಂತೆ, ಯಾವುದೇ ತಂಡಕ್ಕೆ ನಾಲ್ಕು ಹಂತ: ಸೇರುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಆಮೇಲೆ ಕೆಲಸ ಮಾಡುವುದು. "ನೀವು ಯಾವ ಹಂತದಲ್ಲಿದ್ದೀರಿ?" ಎಂದು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಕರೆಂಟಿನವರು, "ನಾಲ್ಕನೆಯದನ್ನೇ ಮೊದಲು ಶುರು ಮಾಡಿದ್ದೇವೆ ಸಾರ್, ಉಳಿದ ಮೂರು ಬಾಕಿ ಇದೆ" ಅಂದರು. 1977ರಲ್ಲಿ ಟಕ್‌ಮನ್ ಐದನೇ ಹಂತವನ್ನೂ ಸೇರಿಸಿದನಂತೆ, ಚದುರುವುದು. ಅದರಲ್ಲಿ ನಾವು ಪಳಗಿದವರು. ಗಡಿಯಾರ ನೋಡಬೇಕಾಗಿಯೂ ಇಲ್ಲ.

ಆಮೇಲೆ ಗೋಪುರ. ಇಪ್ಪತ್ತು ಸ್ಪಗೆಟ್ಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೊ. ಅದು ನಮ್ಮ ಜಾತ್ರೆಯ ಬತ್ತಾಸಿನ ಮೆದು ತಮ್ಮ. ಹದಿನೆಂಟು ನಿಮಿಷದಲ್ಲಿ ಗೋಪುರ ಕಟ್ಟಿ ತುದಿಗೆ ಅದನ್ನು ಕೂರಿಸಬೇಕು. ಈ ಆಟದಲ್ಲಿ ಎಂಬಿಎ ಓದಿದವರಿಗಿಂತ ಶಿಶುವಿಹಾರದ ಮಕ್ಕಳೇ ಎತ್ತರಕ್ಕೆ ಕಟ್ಟುತ್ತಾರಂತೆ. ಮಕ್ಕಳಿಗೆ ಯಾರು ಸಾಹೇಬರು ಎಂಬ ಚಿಂತೆ ಇಲ್ಲವಲ್ಲ, ಅದಕ್ಕೆ. ನಮ್ಮ ಗುಂಪಿನಲ್ಲಿ ಲೆಕ್ಕಪತ್ರದವರು ಮೊದಲು ಕಡ್ಡಿ ಎಣಿಸಿ ಹತ್ತೊಂಬತ್ತೇ ಇದೆ ಅಂದರು. ಇಪ್ಪತ್ತನೆಯದನ್ನು ರಸ್ತೆಯವರು ರುಚಿ ನೋಡುತ್ತಿದ್ದರು. ಆದರೂ ಹೇಗೋ ಗೋಪುರ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಕೇಬಲ್‌ನವರು ಬಗ್ಗಿ ಬುಡದ ಟೇಪು ಕಿತ್ತರು. ಬೇಕಂತ ಮಾಡಿದ್ದಲ್ಲ ಪಾಪ, ನಿಂತದ್ದನ್ನು ಕಂಡರೆ ಕೈ ತಾನಾಗಿ ಹೋಗುತ್ತದೆ.

ಹಿಂದಕ್ಕೆ ಬೀಳುವ ಆಟವೂ ಇತ್ತು. ಕಣ್ಣು ಮುಚ್ಚಿ ಬಿದ್ದರೆ ಉಳಿದವರು ಹಿಡಿಯುತ್ತಾರೆ ಎಂಬ ನಂಬಿಕೆ ಬೆಳೆಸಲಿಕ್ಕೆ. ನಮ್ಮ ಓಣಿಯವರಿಗೆ ಇದು ಹೊಸತೇನಲ್ಲ, ಸ್ಕೂಟರಿನ ಮೇಲೆ ಜೂನ್‌ನಿಂದಲೇ ಅಭ್ಯಾಸ ನಡೆದಿದೆ. ನಾವು ಮುಂದಕ್ಕೆ ಬೀಳುತ್ತೇವೆ, ಹಿಡಿಯಲು ಯಾರೂ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ನಿಜವಾಗಿ ಹಿಡಿಸಿದ್ದು ಕೈಗಂಟಿನ ಆಟ. ಎಂಟು ಜನ ಗುಂಡಗೆ ನಿಂತು, ಎದುರಿನವರ ಕೈಗಳನ್ನು ಅಡ್ಡಾದಿಡ್ಡಿ ಹಿಡಿದು, ಬಿಡದೆ ಗಂಟು ಬಿಚ್ಚಿಕೊಳ್ಳಬೇಕು. ನನ್ನ ಬಲಗೈಗೆ ಸಿಕ್ಕಿದ್ದು ನೀರಿನವರ ಕೇಸ್ ವರ್ಕರ್. ಮುಷ್ಟಿಯಲ್ಲಿ ಮುಷ್ಟಿ, ಮುಖದ ಹತ್ತಿರ ಮುಖ, ಬೆಳಗ್ಗಿನ ಅವಲಕ್ಕಿಯ ಒಗ್ಗರಣೆಯ ವಾಸನೆ. ಇಂಥ ಅವಕಾಶ ಬಿಡಬಾರದೆಂದು ಕೇಳಿದೆ:

"ನಾಲ್ಕು ತಿಂಗಳಾಯ್ತು, ನಮ್ಮ ಪತ್ರಕ್ಕೆ ಉತ್ತರ ಬರಲಿಲ್ಲವಲ್ಲ?"

"ಪತ್ರ ಬಂದದೆ ಸಾರ್. ಲಗತ್ತು ಇರ್ಲಿಲ್ಲ."

"ಲಗತ್ತು ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ? ದಿನಾ ಚಾಕ್ಕೆ ಒಟ್ಟಿಗೇ ಹೋಗ್ತೇವಲ್ಲ!"

"ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ ಸಾರ್. ಬರೆದು ಕಳಿಸಿದ್ದೇನೆ. ನಿಮ್ಮ ಟಪಾಲಿನಲ್ಲೇ ಇರ್ಬೇಕು. ಕೈ ಬಿಡಬೇಡಿ, ಗಂಟು ಬಿಗಿಯಾಗ್ತದೆ."

ಅವನ ಕಚೇರಿಗೂ ನನ್ನದಕ್ಕೂ ನಡುವೆ ಒಂದು ಕಾಂಪೌಂಡು, ಒಂದು ಚಾ ಅಂಗಡಿ. ಅವನ ಮಗಳ ಮದುವೆಯಲ್ಲಿ ಬಡಿಸಲು ನಿಂತವರಲ್ಲಿ ನಾನೂ ಒಬ್ಬ. ನಮ್ಮಿಬ್ಬರ ನಡುವೆ ಪ್ರೀತಿ ಹುಟ್ಟಿಸಲಿಕ್ಕೆ ಬೆಂಗಳೂರಿನಿಂದ ಜನ ಕರೆಸಬೇಕಾಗಿರಲಿಲ್ಲ. ಜಗಳ ಇರುವುದು ನಮಗಲ್ಲ, ದುಡ್ಡಿಗೆ. ಅವನ ದುಡ್ಡು ಒಂದು ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ರಸ್ತೆಯವರದ್ದು ಇನ್ನೊಂದರಲ್ಲಿ, ಎಲ್ಲರದ್ದೂ ಮಾರ್ಚ್ 31ರೊಳಗೆ ಖರ್ಚಾಗಬೇಕು. ನೀರಿನವರ ಮಂಜೂರಿ ತಡವಾಯಿತೆಂದು ರಸ್ತೆಯವರು ಡಾಂಬರು ತಡೆದರೆ ಅವರ ದುಡ್ಡು ವಾಪಸ್ ಹೋಗುತ್ತದೆ. ಹಾಗಾಗಿ ಹಾಕುತ್ತಾರೆ. ಹಾಕಿದ್ದಕ್ಕೆ ಬಿಲ್ಲು, ಅಗೆದದ್ದಕ್ಕೆ ಬಿಲ್ಲು, ಮುಚ್ಚಿದ್ದಕ್ಕೂ ಬಿಲ್ಲು. ಕಾದದ್ದಕ್ಕೆ ಮಾತ್ರ ಬಿಲ್ಲಿಲ್ಲ. ಇದನ್ನು ಸರಿ ಮಾಡಲಿಕ್ಕೆ ನಮ್ಮನ್ನು ಮರಳಲ್ಲಿ ಹೊರಳಾಡಿಸಿದರೆ ಆಗುತ್ತದಾ?

ಮರಳು ಅಂದಾಗ ನೆನಪಾಯಿತು. ಮಧ್ಯಾಹ್ನ ಹಗ್ಗಜಗ್ಗಾಟಕ್ಕೆ ಕಡಲ ದಂಡೆಗೆ ಇಳಿಸಿದರು. ಅಲ್ಲೇ ಸ್ವಲ್ಪ ಆಚೆ ಮೀನುಗಾರರು ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂದು, ಎರಡು ತುದಿಗೂ ಜನ ನಿಂತು ದಂಡೆಗೆ ಎಳೆಯುವುದು. ಗಂಡಸರು, ಹೆಂಗಸರು, ಶಾಲೆಗೆ ರಜೆ ಇದ್ದ ಹುಡುಗರು. ಒಂದು ತುದಿಯವರು ಮುಂದಾದರೆ ಇನ್ನೊಂದು ತುದಿಯಿಂದ ಕೂಗು ಬರುತ್ತಿತ್ತು, ಅವರು ತಡೆಯುತ್ತಿದ್ದರು. ನಮ್ಮ ತರಬೇತುದಾರರಿಗೆ ರೋಮಾಂಚನ. "ನೋಡಿ, ಇದು ಟೀಮ್ ವರ್ಕ್!" ಎಂದು ಓಡಿಹೋಗಿ ತಾವೂ ಹಗ್ಗ ಹಿಡಿದರು. ಹಿಂದೆ ನಿಂತ ಮುದುಕ ಅವರನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವನ ಹತ್ತಿರ ಕೊಂಕಣಿಯಲ್ಲಿ ಏನೋ ಅಂದ. ಎಲ್ಲರೂ ನಕ್ಕರು. ತರಬೇತುದಾರರೂ ನಕ್ಕರು. ಏನು ಹೇಳಿದ್ದು ಎಂದು ನನ್ನನ್ನು ಕೇಳಿದರು. ಈ ಸಾಹೇಬನಿಗೂ ಪಾಲು ಕೊಡಬೇಕಾ ಅಂತ ಕೇಳ್ತಿದ್ದಾನೆ ಸಾರ್, ಅಂದೆ.

ನಮ್ಮ ಹಗ್ಗಜಗ್ಗಾಟದಲ್ಲಿ ಯಾರು ಗೆದ್ದರೆಂದು ಇನ್ನೂ ತೀರ್ಮಾನವಾಗಿಲ್ಲ. ಎರಡೂ ಕಡೆಯವರು ವರದಿ ಕೊಟ್ಟಿದ್ದಾರೆ. ಊಟಕ್ಕೆ ಬಂಗಡೆ ಫ್ರೈ, ಸೋಲ್ ಕಡಿ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರಿಗೆ ಬೇರೆ ಮೇಜು, ಅಲ್ಲಿ ತಂಬುಳಿ. ಇಡೀ ದಿನದಲ್ಲಿ ಐದೂ ಇಲಾಖೆಯವರು ಹೇಳಿದ ಹೊತ್ತಿಗೆ ಒಟ್ಟಿಗೆ ಹಾಜರಾದದ್ದು ಅಲ್ಲೊಂದೇ. ಸಂಜೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನನ್ನದರಲ್ಲಿ ಪಕ್ಕದ ಇಲಾಖೆಯ ಹೆಸರಿದೆ.

ಸೋಮವಾರ ಕಚೇರಿಗೆ ಹೋಗಿ ಟಪಾಲು ತೆಗೆದರೆ ನೀರಿನವರ ಪತ್ರ ನಿಜಕ್ಕೂ ಅಲ್ಲೇ ಇತ್ತು: 'ಲಗತ್ತು ಇಲ್ಲದ ಕಾರಣ ಹಿಂದಿರುಗಿಸಿದೆ, ಅಗತ್ಯ ಕ್ರಮಕ್ಕಾಗಿ.' ಅದನ್ನು ಕಡತಕ್ಕೆ ಸೇರಿಸುತ್ತಿದ್ದಾಗ ಫೋನು ಬಂತು. ರೆಸಾರ್ಟಿನವರು.

"ಸಾರ್, ಶನಿವಾರದ ಊಟದ ಬಿಲ್ಲು. ನೀರಿನವರನ್ನು ಕೇಳಿದೆ, ಐದು ಇಲಾಖೆಗೂ ಪಾಲು ಮಾಡಿ ಅಂದ್ರು. ರಸ್ತೆಯವರು, ತಮಗೆ ಬರೆದು ಕಳಿಸಿ ಅಂದ್ರು. ಕರೆಂಟಿನವರು ನಿಮ್ಮ ನಂಬರ್ ಕೊಟ್ರು."

"ಎಷ್ಟಾಗಿದೆ?"

"ಎಷ್ಟು ಅಂತ ಆಮೇಲೆ ಹೇಳ್ತೇನೆ ಸಾರ್. ಮೊದಲು ಇದು ಹೇಳಿ, ಬಂಗಡೆ ಫ್ರೈ ಮೂವತ್ತೆಂಟು ಪ್ಲೇಟು ಯಾವ ಇಲಾಖೆಗೆ ಹಾಕ್ಲಿ?"

ಬರೆದು ಕಳಿಸಿ ಅಂದೆ. ಲಗತ್ತು ಮರೆಯಬೇಡಿ ಅಂತಲೂ ಹೇಳಿದೆ.