ಬ್ಯಾಟರಿಗೂ ಖಾತೆ ಆಗಬೇಕು ಸ್ವಾಮಿ

ಹೊಸ ಕಾರಿನ ಬಾನೆಟ್ ಎತ್ತಿ ನೋಡಿ. ಎಂಜಿನ್ ಕಾಣುವುದಿಲ್ಲ. ಕಾಣುವುದು ಕರೀ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಮೇಲೆ ಕಂಪನಿಯ ಹೆಸರು, ಪಕ್ಕದಲ್ಲಿ ಒಂದು ಎಚ್ಚರಿಕೆಯ ಚೀಟಿ. ಸಾಲ ಮಾಡಿ ಕಾರು ಕೊಂಡ ಮಾಲೀಕನಿಗೆ ಅಲ್ಲಿ ಬಿಟ್ಟುಕೊಟ್ಟಿರುವ ಅಧಿಕಾರ ಒಂದೇ. ಮೂಲೆಯ ಡಬ್ಬಿಗೆ ಗಾಜು ತೊಳೆಯುವ ನೀರು ತುಂಬುವುದು. ತುಂಬಿ, ಬಾನೆಟ್ಟನ್ನು ಮರ್ಯಾದೆಯಿಂದ ಇಳಿಸಿ, ಕೈ ಒರೆಸಿಕೊಂಡು ಮನೆಯೊಳಗೆ ಹೋಗಬೇಕು. ಕೈಗೆ ಏನೂ ಅಂಟಿರುವುದಿಲ್ಲ. ಆದರೂ ಒರೆಸಿಕೊಳ್ಳಬೇಕು, ಅಷ್ಟಾದರೂ ಸಮಾಧಾನ ಬೇಡವೇ?

ಹಿಂದಿನವರ ಕೈಗೆ ಬೇಕಾದಷ್ಟು ಅಂಟುತ್ತಿತ್ತು. ಅಂಬಾಸಡರ್ ಕಾರು 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು ಎಂದು ಪುಸ್ತಕದಲ್ಲಿದೆ. ನನಗೆ ಗೊತ್ತಿರುವ ಹಾಗೆ ಅಲ್ಲಿ ಅರ್ಧ ತಯಾರಾಗುತ್ತಿತ್ತು, ಉಳಿದರ್ಧವನ್ನು ಮಾಲೀಕನೇ ಮನೆಯ ಮುಂದೆ ಮಾಡಿಕೊಳ್ಳುತ್ತಿದ್ದ. ಚಾರ್ಮಾಡಿ ಘಾಟಿಯಲ್ಲಿ ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ. ರೇಡಿಯೇಟರ್ ಸೋರಿದರೆ ಅಡುಗೆಮನೆಯಿಂದ ಒಂದು ಹಿಡಿ ಅರಿಸಿನಪುಡಿ. ಟ್ಯಾಂಕ್ ಜಿನುಗಿದರೆ ಬಟ್ಟೆ ಸೋಪು ತಿಕ್ಕುವುದು. ಪಾಯಿಂಟ್ ಕರಿ ಹಿಡಿದರೆ ಉಪ್ಪುಕಾಗದ, ಪ್ಲಗ್ಗಿಗೆ ಹಲ್ಲುಜ್ಜಿ ಸವೆದ ಬ್ರಷ್ಷು. ಆ ಪ್ಲಗ್ಗಾದರೂ ನಮ್ಮೂರಿನದೇ, ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯದು. ಭಾನುವಾರ ಬೆಳಿಗ್ಗೆ ಒಬ್ಬ ಬಾನೆಟ್ ಎತ್ತಿದನೆಂದರೆ ಬೀದಿಯ ಗಂಡಸರೆಲ್ಲ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. “ಕರೆಂಟ್ ಬರ್ತಿಲ್ಲ ಕಣ್ರೀ” ಎಂದೊಬ್ಬರು. “ಕಾರ್ಬ್ಯುರೇಟರ್‌ಗೆ ಕಸ ಸೇರಿದೆ, ಊದಿ” ಎಂದಿನ್ನೊಬ್ಬರು. ಊದಿದವನ ಬಾಯಿ ತುಂಬ ಪೆಟ್ರೋಲು.

ಹಾಗೆಂದು ಹಳೇ ಕಾರು ಅಮೃತವಾಗಿತ್ತೆಂದು ಹಾಡಿ ಹೊಗಳುವವನಲ್ಲ ನಾನು. ಪದೇ ಪದೇ ಕೆಡುತ್ತಿದ್ದುದರಿಂದಲೇ ರಿಪೇರಿ ಕಲಿತೆವು. ಹೊಗೆ ಕಾರುತ್ತಿತ್ತು, ಬ್ರೇಕು ದೇವರ ಇಚ್ಛೆಯಂತೆ ಹಿಡಿಯುತ್ತಿತ್ತು. ಆದರೆ ಕೆಟ್ಟಿದ್ದೇನೆಂದು ಕಣ್ಣಿಗೆ ಕಾಣುತ್ತಿತ್ತು, ಕಂಡಿದ್ದನ್ನು ಬಿಚ್ಚಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಕಾರಿನೊಳಗೆ ಒಂದು ತಾಲ್ಲೂಕು ಕಚೇರಿ ಕೂತಿದೆ. 1983ರ ಮಾರುತಿ 800ರಲ್ಲಿ ಗಾಜು ಇಳಿಸಬೇಕೆಂದರೆ ಹಿಡಿ ತಿರುಗಿಸಿದರೆ ಆಯಿತು. ಈಗಿನ ಎಷ್ಟೋ ಕಾರುಗಳಲ್ಲಿ ಗುಂಡಿ ಒತ್ತಿದರೆ ಗಾಜು ಇಳಿಯುವುದಿಲ್ಲ, ಗಾಜು ಇಳಿಸಿಕೊಡಿ ಎಂಬ ಅರ್ಜಿ ಹೋಗುತ್ತದೆ. ಬಾಗಿಲಿನ ಗುಮಾಸ್ತ, ಅಂದರೆ ಅಲ್ಲಿ ಕೂತಿರುವ ಪುಟ್ಟ ಕಂಪ್ಯೂಟರ್, ಅದನ್ನು ಟಪಾಲಿಗೆ ಹಾಕುತ್ತಾನೆ, ಎರಡು ತಂತಿಯ ಮೇಲೆ ಅದು ಮೇಲಿನ ಸಾಹೇಬರ ಮೇಜಿಗೆ ಹೋಗುತ್ತದೆ, ಸಾಹೇಬರು ಪರಿಶೀಲಿಸಿ ಸಹಿ ಹಾಕಿದ ಮೇಲೆ ಮೋಟಾರು ತಿರುಗುತ್ತದೆ. ಕೆಲಸವೇನೋ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಅದಕ್ಕೆ ಮೆಚ್ಚಬೇಕು. ಆದರೆ ನಡುವೆ ಒಬ್ಬ ಗುಮಾಸ್ತ ರಜೆ ಹಾಕಿದರೆ ಮಳೆಯಲ್ಲಿ ಗಾಜು ತೆರೆದುಕೊಂಡೇ ಮನೆಗೆ ಬರಬೇಕು. ಕೆಲವು ದುಬಾರಿ ಕಾರುಗಳಲ್ಲಿ ಬ್ಯಾಟರಿ ಬದಲಿಸಿದರೆ ಸಾಲದು, ಹೊಸ ಬ್ಯಾಟರಿ ಬಂದಿದೆಯೆಂದು ಕಂಪ್ಯೂಟರಿಗೆ ನಮೂದು ಮಾಡಿಸಬೇಕು. ಇಲ್ಲದಿದ್ದರೆ ಹಳೆಯದೇ ಇದೆಯೆಂದು ತಿಳಿದು ಅದಕ್ಕೆ ತಕ್ಕಂತೆ ಚಾರ್ಜು ಮಾಡುತ್ತ ಹೋಗುತ್ತದೆ. ಅಂದರೆ ಹಣ ಕೊಟ್ಟಾಯಿತು, ಸ್ವಾಧೀನವೂ ಆಯಿತು, ಖಾತೆ ಮಾತ್ರ ಹಳಬರ ಹೆಸರಿನಲ್ಲೇ ಇದೆ.

ನಮ್ಮ ಮಾವ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಗನ ಕಾರಿನ ಮುಂದಿನ ಎಡಚಕ್ರದ ಬಳಿ ಹಂಪು ಬಂದಾಗಲೆಲ್ಲ ಕಟಕಟ ಸದ್ದು. ಲಿಂಕ್ ರಾಡ್ ಬುಷ್ ಹೋಗಿದೆಯೆಂದು ಕೂತಲ್ಲೇ ಹೇಳಿದರು. ವಾರಂಟಿ ಇದೆ, ಮುಟ್ಟಬೇಡಿ ಎಂದ ಮಗ. ಸರ್ವಿಸ್ ಸೆಂಟರಿಗೆ ಹೋದದ್ದಾಯಿತು. ಕಾಫಿ ಕೊಟ್ಟರು. ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಹುಡುಗ ಬಂದ.

“ಸ್ಕ್ಯಾನ್ ಮಾಡಿದೀವಿ ಸರ್. ಎರರ್ ಏನೂ ಬಂದಿಲ್ಲ.”

“ಸದ್ದು ಬರ್ತಿದೆಯಲ್ಲಪ್ಪಾ?”

“ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಸರ್.”

“ಸಿಸ್ಟಮ್ ಬಿಡು. ನಿನ್ನ ಕಿವಿಗೆ ಕೇಳಿಸ್ತೋ ಇಲ್ವೋ?”

“ಕೇಳಿಸ್ತು ಸರ್. ಆದ್ರೆ ಕೋಡ್ ಇಲ್ದೆ ಪಾರ್ಟ್ ಹಾಕೋಕೆ ಅಪ್ರೂವಲ್ ಕೊಡಲ್ಲ ಸರ್. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ, ಒಂದು ವಾರ ಓಡ್ಸಿ ನೋಡಿ.”

ರಬ್ಬರಿನ ಬುಷ್ಷಿಗೆ ಸಾಫ್ಟ್‌ವೇರ್ ಅಪ್‌ಡೇಟ್! ಸವೆದ ಚಪ್ಪಲಿಯನ್ನು ವಾಟ್ಸಾಪಿನಲ್ಲಿ ಹೊಲಿದಂತಾಯಿತಲ್ಲೋ ಎಂದರು ಮಾವ. ಕಾರನ್ನು ಮಾತ್ರ ಚೆನ್ನಾಗಿ ತೊಳೆದು ಕೊಟ್ಟಿದ್ದರು. ಪಳಪಳ ಹೊಳೆಯುತ್ತ, ಕಟಕಟ ಎನ್ನುತ್ತ ಮನೆಗೆ ಬಂತು.

ತಮಾಷೆಯೆಂದರೆ ಹೊಗೆಯನ್ನು ಹತೋಟಿಯಲ್ಲಿಡಲೆಂದು ಬಂದ ಕಂಪ್ಯೂಟರಿನಿಂದ ರಿಪೇರಿಯೂ ಸುಲಭವಾಗಬೇಕಿತ್ತು. ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಕಾನೂನೇ ಅದನ್ನು ಕಡ್ಡಾಯ ಮಾಡಿತು, ಆಮೇಲೆ ನಮ್ಮಲ್ಲಿಗೂ ಬಂತು. ಅಗ್ಗದ ಸ್ಕ್ಯಾನರ್ ಸಿಕ್ಕಿಸಿದರೆ ಪಿ0300 ಎಂದು ತೋರಿಸುತ್ತದೆ. ಅಂದರೆ ಎಂಜಿನ್ನಿನೊಳಗೆ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ನಮ್ಮ ಗ್ಯಾರೇಜಿನವರು ಐವತ್ತು ವರ್ಷದಿಂದ ಹೇಳುತ್ತಿರುವ “ಮಿಸ್ಸಿಂಗ್ ಹೊಡೀತಿದೆ”, ಅಷ್ಟೇ. ಹೊಗೆಗೆ ಸಂಬಂಧಪಟ್ಟ ಇಂಥ ಕೋಡುಗಳು ಎಲ್ಲರಿಗೂ ಕಾಣುತ್ತವೆ. ಉಳಿದದ್ದಕ್ಕೆ ಕಂಪನಿಯ ಉಪಕರಣ, ಕಂಪನಿಯ ಪಾಸ್‌ವರ್ಡ್, ಕಂಪನಿಯ ದರಪಟ್ಟಿ.

ಇದು ಸರ್ಕಾರದ ಕಣ್ಣಿಗೆ ಬಿದ್ದಿಲ್ಲವೆಂದಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಟ್ಟಿದ್ದಾರೆಂದು 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಕಂಪನಿಗಳು ಗ್ರಾಹಕರ ಸುರಕ್ಷತೆಯ ಮಾತು ತೆಗೆದವು, ಮೇಲ್ಮನವಿಗೆ ಹೋದವು. ನಂತರ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲನ್ನೇ ತೆರೆಯಿತು. ಕಂಪನಿಗಳ ಕಸ್ಟಮರ್ ಕೇರ್ ನಂಬರುಗಳು ಅಲ್ಲಿ ಸಿಗುತ್ತವೆ. ಅಂದರೆ ಯಾರ ಮೇಲೆ ದೂರಿದೆಯೋ ಅವರಿಗೇ ಫೋನ್ ಮಾಡುವ ಹಕ್ಕು ನಮಗೀಗ ಅಧಿಕೃತವಾಗಿ ಬಂದಿದೆ.

ಇಷ್ಟಕ್ಕೂ ಈ ಸಾಫ್ಟ್‌ವೇರನ್ನು ಯಾರೋ ಜರ್ಮನಿಯ ಮಂತ್ರವಾದಿಗಳು ಬರೆಯುತ್ತಿದ್ದಾರೆಂದುಕೊಂಡರೆ ತಪ್ಪು. ಪ್ಲಗ್ಗು ಮಾಡುತ್ತಿದ್ದ ಮೈಕೊ 2008ರಲ್ಲಿ ಬಾಷ್ ಆಯಿತು, ಆ ಬಳಗದವರ ಸಾವಿರಾರು ಎಂಜಿನಿಯರುಗಳು ಇದೇ ಬೆಂಗಳೂರಿನಲ್ಲಿ ಕೂತು ವಾಹನಗಳ ಸಾಫ್ಟ್‌ವೇರ್ ಬರೆಯುತ್ತಾರೆ. ಮರ್ಸಿಡಿಸ್‌ನವರ ಸಂಶೋಧನಾ ಕೇಂದ್ರ 1996ರಿಂದ ಇಲ್ಲಿದೆ. ಬ್ರೇಕಿನ ಲೆಕ್ಕಾಚಾರವನ್ನು ಇಡೀ ದಿನ ಬರೆದ ಹುಡುಗ ಸಂಜೆ ಪಾರ್ಕಿಂಗಿಗೆ ಇಳಿಯುತ್ತಾನೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದೆ. ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಾನೆ. ದೀಪಕ್ಕೆ ಕೋಡು ಬರೆದವನು ಪಕ್ಕದ ಸೀಟಿನವನೇ ಇರಬಹುದು.

2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡಲು ತಿಂಗಳ ಬಾಡಿಗೆ ಕೇಳಿತು. ಬಿಸಿ ಮಾಡುವ ತಂತಿ ಸೀಟಿನೊಳಗೇ ಇದೆ, ಕಾಸು ಕಟ್ಟಿದರೆ ಮಾತ್ರ ಕಾಯುತ್ತದೆ. ಜನ ಬೈದರು, ಮರುವರ್ಷ ಕೈಬಿಟ್ಟರು. ಕಲಬುರಗಿಯಲ್ಲಿ ಈ ಯೋಜನೆ ನಡೆಯುತ್ತಿರಲಿಲ್ಲ ಬಿಡಿ. ಅಲ್ಲಿ ಮೇ ತಿಂಗಳಲ್ಲಿ ಹತ್ತು ನಿಮಿಷ ಹೊರಗೆ ನಿಲ್ಲಿಸಿದರೆ ಸೀಟು ಪುಕ್ಕಟೆಯಾಗಿ ಸುಡುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಡೀಸೆಲ್ ಕಾರಿನವರ ತೀರ್ಥಯಾತ್ರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂತಲ್ಲ, ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಕೂತಿತು. ಒಳ್ಳೆಯದೇ, ನಮ್ಮ ಶ್ವಾಸಕೋಶಕ್ಕೆ. ಆ ಮಸಿ ಉರಿದು ಹೋಗಬೇಕಾದರೆ ಜರಡಿ ಸುಮಾರು 600 ಡಿಗ್ರಿ ಕಾಯಬೇಕು. ಅದಕ್ಕೆ ಗಾಡಿ ಒಂದೇ ವೇಗದಲ್ಲಿ, 60ಕ್ಕೆ ಕಡಿಮೆಯಿಲ್ಲದಂತೆ, ಇಪ್ಪತ್ತು ನಿಮಿಷವಾದರೂ ಓಡಬೇಕು. ಎಲ್ಲಿ? 2022ರ ಒಂದು ಜಾಗತಿಕ ಟ್ರಾಫಿಕ್ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರಿಗೆ 29 ನಿಮಿಷ ಹಿಡಿದಿತ್ತು. ಸಿಲ್ಕ್ ಬೋರ್ಡಿನಲ್ಲಿ ಕಾಯುವುದು ಜರಡಿಯಲ್ಲ, ಡ್ರೈವರ್.

ಹಾಗಾಗಿ ಜರಡಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದ ಕೂಡಲೇ ಸರ್ವಿಸ್ ಸೆಂಟರಿನವರು ವೈದ್ಯರಂತೆ ಹೇಳುತ್ತಾರೆ, “ಹೈವೇಗೆ ಒಂದು ರೌಂಡ್ ಹೋಗಿಬನ್ನಿ ಸರ್.” ರಾತ್ರಿ ಊಟ ಮುಗಿಸಿ ತುಮಕೂರು ರಸ್ತೆಗೆ ಹೊರಡುತ್ತಾರೆ. ಹೋಗಬೇಕಾದ ಊರಿಲ್ಲ, ನೋಡಬೇಕಾದ ನೆಂಟರಿಲ್ಲ. ಮಾಲಿನ್ಯ ಕಡಿಮೆ ಮಾಡುವ ಜರಡಿ ಶುದ್ಧವಾಗಲೆಂದು ಡೀಸೆಲ್ ಸುಟ್ಟುಕೊಂಡು, ಟೋಲ್ ಕಟ್ಟಿಕೊಂಡು ಡಾಬಸ್‌ಪೇಟೆಯವರೆಗೆ ಹೋಗಿ, ತಟ್ಟೆ ಇಡ್ಲಿಯ ಹೋಟೆಲು ಮುಚ್ಚಿರುವುದನ್ನು ನೋಡಿ ವಾಪಸಾಗುತ್ತಾರೆ. ನಮ್ಮ ಬೀದಿಯ ರಾಯರು ಎರಡೂ ಕಡೆಯ ಟೋಲ್ ಮೆಸೇಜನ್ನು ಸರ್ವಿಸ್ ಸೆಂಟರಿನ ಹುಡುಗನಿಗೆ ಕಳಿಸಿ, ಇದು ರಿಪೇರಿಯ ಖರ್ಚು ತಾನೇ, ವಾರಂಟಿಯಲ್ಲಿ ಸೇರಿಸಪ್ಪಾ ಎಂದು ಕೇಳಿದರಂತೆ. ಸಿಸ್ಟಮ್‌ನಲ್ಲಿ ಅಂಥ ಆಪ್ಷನ್ ಇಲ್ಲ ಸರ್ ಎಂದನಂತೆ ಅವನು.